ಕೆನೆ ಹಚ್ಚದ ಗಾಲಿ

"ಮುಟ್ಟಿ ನೋಡಿ, ಗೊಂಗೊರಣ್ಣ."

"ಬೇಡ ತಂಗಿ. ನನ್ನ ಕೈಲಾಗಲ್ಲ."

"ಕಣ್ಣು ಮುಚ್ಚಿಕೊಂಡಾದ್ರೂ ಮುಟ್ಟಿ. ಒಂದೇ ಸಲ."

ಠಾಣೆಯ ಹಿಂದಿನ ಅಂಗಳದಲ್ಲಿ ಗೋಬಿ ಮರುಭೂಮಿಯ ಗಾಳಿ ಮರಳು ತೂರುತ್ತಿತ್ತು. ನುಜ್ಜುಗುಜ್ಜಾದ ಬಿಳಿ ಕಾರು ಮೂರು ಗಾಲಿ, ಒಂದು ಕಲ್ಲಿನ ಮೇಲೆ ನಿಂತಿತ್ತು. ನಾಲ್ಕನೆಯ ಗಾಲಿ ಪಕ್ಕದಲ್ಲೇ ಹರಕು ಕಂಬಳಿಯ ಮೇಲೆ ಬಿದ್ದಿತ್ತು. ಗುರುವಾರ ಸಂಜೆ ಮೂರು ಗುಡ್ಡ ಎಂಬ ಕಡೆಯ ಇಳಿಜಾರಿನಲ್ಲಿ ಸಿಡಿದು ಜಾನುವಾರು ಡಾಕ್ಟರ್ ತುಂಗಾಳ ಜೀವ ತೆಗೆದದ್ದು ಅದೇ. ಆ ಹುಡುಗಿಗೆ ಇನ್ನೂ ಇಪ್ಪತ್ತಾರು.

ಅದೇ ದಿನ ಮಧ್ಯಾಹ್ನ ಅವಳ ಕಾರಿನ ಮುಂದಿನ ಬಲ ಗಾಲಿಗೆ ಪಂಚರ್ ಹಾಕಿ ಕಳಿಸಿದವನು ಗೊಂಗೊರ್. ಶನಿವಾರ ತಾನಾಗಿಯೇ ಠಾಣೆಗೆ ಬಂದು, ಸಿಡಿದ ಟೈರನ್ನು ಕಣ್ಣೆತ್ತಿಯೂ ನೋಡದೆ, ತಪ್ಪು ನನ್ನದೇ ಎಂದು ಸಹಿ ಹಾಕಿ ಹೋಗಿದ್ದ.

ಶಾರ್‌ಹುದಗ್ ಊರಿನಲ್ಲಿ ಗೊಂಗೊರ್ ಎಂದರೆ ನಲವತ್ತು ವರ್ಷದ ನಂಬಿಕೆ. ಅವನ ಅಂಗಡಿಗೆ ಬರಲೆಂದು ಲಾರಿ ಚಾಲಕರು ಹೊಸ ಟಾರು ರಸ್ತೆ ಬಿಟ್ಟು ಊರಂಚಿನ ಹಳೆಯ ಮಣ್ಣಿನ ದಾರಿಗೆ ಇಳಿಯುತ್ತಿದ್ದರು. ಬೇರೆ ಕಡೆ ಹಾಕಿಸಿದರೆ ಪಂಚರ್ ಊರು ಮುಟ್ಟೋ ತನಕ ಬರುತ್ತೆ, ಗೊಂಗೊರ್ ಹತ್ತಿರ ಹಾಕಿಸಿದರೆ ಮೊಮ್ಮಕ್ಕಳ ಕಾಲದ ತನಕ ಬರುತ್ತೆ ಅಂತ ತಮಾಷೆ ಮಾಡುತ್ತಿದ್ದರು. ಈಗ ನಾಲ್ಕು ದಿನದಿಂದ ಅವನ ಅಂಗಡಿ ಮುಂದೆ ಒಂದು ಸೈಕಲ್ಲೂ ನಿಂತಿಲ್ಲ. ಗುರುತಿಗೆಂದು ದಾರಿಬದಿ ನಿಲ್ಲಿಸಿದ್ದ ಬಿಳಿ ಬಣ್ಣದ ಟೈರನ್ನು ಯಾರೋ ಒದ್ದು ಕೆಡವಿದ್ದರು. ಜನ ಅಂದರೆ ಇಷ್ಟೇ.

ತನಿಖಾಧಿಕಾರಿ ಖಾಂದಾ ಅವನ ಮಣಿಕಟ್ಟು ಹಿಡಿದು ಟೈರಿನೊಳಗೆ ಇಳಿಸಿದಳು. ಮುದುಕ ಬಿಡಿಸಿಕೊಳ್ಳಲು ನೋಡಿದ. ಆದರೆ ರಬ್ಬರು ತಾಕಿದ ಕೂಡಲೇ ಅವನ ಬೆರಳುಗಳು ಅವನ ಮಾತು ಕೇಳುವುದನ್ನು ಬಿಟ್ಟವು. ಒಳಗಿನ ಸುತ್ತನ್ನೆಲ್ಲ ಸವರಿದವು, ಒಂದು ಕಡೆ ನಿಂತವು, ಮತ್ತೆ ಅಲ್ಲಿಗೇ ಬಂದವು.

ಅವನು ಕಣ್ಣು ತೆರೆದ.

"ಇದು ಯಾರ ಕೆಲಸ?"

"ನೀವೇ ಹೇಳಿ."

"ತೂತು ಮುಚ್ಚೋಕೆ ಟೈರಿನ ಪಕ್ಕೆಗೆ ರಬ್ಬರ್ ಬತ್ತಿ ತುರುಕಿದಾರೆ ಕಣಮ್ಮ! ಹೊರಗಡೆಯಿಂದ! ನೆಲ ತಾಕೋ ಕಡೆ ಮೊಳೆ ಹೊಕ್ಕಿದ್ರೆ ಮುಚ್ಚಬಹುದು. ಪಕ್ಕೆ ಅನ್ನೋದು ಟೈರು ಉಸಿರಾಡೋ ಜಾಗ, ಸುತ್ತು ಸುತ್ತಿಗೂ ಮಡಚುತ್ತೆ, ಬಿಚ್ಚುತ್ತೆ. ಅಲ್ಲಿ ತೂತಾದ್ರೆ ಆ ಟೈರನ್ನ ಬಿಸಾಕಬೇಕು, ಅಷ್ಟೇ. ಇದನ್ನ ಮಾಡಿದೋನ ಕೈ ಕಡೀಬೇಕು."

"ನೀವು ಮಾಡಿದ್ದೇನು ಅವತ್ತು?"

"ಟೈರು ಪೂರ್ತಿ ಬಿಚ್ಚಿದೆ. ಒಳಗಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚು ಇಟ್ಟು ಬಿಸಿ ಅಚ್ಚಲ್ಲಿ ಒತ್ತಿದೆ. ಆಮೇಲೆ ನೀರಿನ ತೊಟ್ಟೀಲಿ ಮುಳುಗಿಸಿದೆ. ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ಲು. 'ಗುಳ್ಳೆ ಇಲ್ಲ, ಅಣ್ಣ, ಒಂದು ಗುಳ್ಳೆನೂ ಇಲ್ಲ' ಅಂತ ಚಪ್ಪಾಳೆ ತಟ್ಟಿದ್ಲು." ಅವನು ಟೈರಿನಿಂದ ಕೈ ಹೊರಗೆಳೆದುಕೊಂಡ. "ಡಾಕ್ಟರು ಅಂತೆ. ಚಿಕ್ಕ ಮಗು ಅದು."

"ವಾಲ್ವ್ ಮುಚ್ಚಳದಲ್ಲಿ?"

"ಒಂಟೆ ಉಣ್ಣೆ. ಯಾವತ್ತೂ ಒಂದು ಎಳೆ ಇಟ್ಟೇ ತಿರುಗಿಸೋದು, ಧೂಳು ಹೋಗದ ಹಾಗೆ. ಊರಿಗೆಲ್ಲ ಗೊತ್ತು."

ಖಾಂದಾ ಸಿಡಿದ ಗಾಲಿಯ ಮುಚ್ಚಳ ಬಿಚ್ಚಿ ಅಂಗೈ ಮೇಲೆ ತಟ್ಟಿದಳು. ಮರಳು ಬಿತ್ತು. ಬೇರೇನೂ ಇರಲಿಲ್ಲ.

"ಅಂದ್ರೆ ಇದು ನೀವು ಕಟ್ಟಿಕೊಟ್ಟ ಗಾಲಿಯೇ ಅಲ್ಲ. ಸಹಿ ವಾಪಸ್ ತಗೊಳ್ಳಿ, ಗೊಂಗೊರಣ್ಣ."

ಮುದುಕನ ಮುಖದಲ್ಲಿ ಬಿಡುಗಡೆ ಕಾಣುತ್ತದೆ ಎಂದು ಅವಳು ಕಾದಳು. ಕಾಣಲಿಲ್ಲ.

"ಸಹಿ ಇರಲಿ," ಅಂದ ಅವನು. "ಅವಳ ಡಿಕ್ಕೀಲಿ ಸ್ಟೆಪ್ನಿ ಇರಲಿಲ್ಲ. ಅದರ ಜಾಗದಲ್ಲಿ ಲಸಿಕೆಯ ಐಸ್ ಪೆಟ್ಟಿಗೆ ಕೂರಿಸಿದ್ಲು. ಬೈದೆ. 'ಕುರಿಗಳಿಗೆ ಮೊದಲು, ಆಮೇಲೆ ಸ್ಟೆಪ್ನಿ' ಅಂತ ನಕ್ಕಳು. ನನ್ನ ಅಂಗಡಿ ತುಂಬ ಗಾಲಿ ಬಿದ್ದಿವೆ, ತಂಗಿ. ಒಂದು ಎತ್ತಿ ಹಿಂದಿನ ಸೀಟಿಗೆ ಎಸೆಯಬಹುದಿತ್ತು. ಎಸೀಲಿಲ್ಲ. ನಲವತ್ತು ವರ್ಷ ಈ ಕೆಲಸ ಮಾಡಿದೋನು ಸ್ಟೆಪ್ನಿ ಇಲ್ಲದ ಕಾರನ್ನ ಆ ದಾರಿಗೆ ಬಿಟ್ಟೆ."

ಸುಳ್ಳು ಹೇಳಿ ತಪ್ಪಿಸಿಕೊಳ್ಳುವವರನ್ನು ಖಾಂದಾ ಇಪ್ಪತ್ತು ವರ್ಷದಿಂದ ನೋಡಿದ್ದಳು. ಹಿಡಿದುಕೊಂಡು ಹೋಗಿ ಎಂದು ಕೈ ಚಾಚುವವನ ಎದುರು ಅವಳ ಕಲಿಕೆಯೆಲ್ಲ ಕೆಲಸಕ್ಕೆ ಬಾರದಾಯಿತು.

ಹಿಂದಿನಿಂದ ಯಾರೋ ಅತ್ತ ಸದ್ದು ಕೇಳಿತು.

ತುಂಗಾಳ ತಾಯಿ ದೊಲ್ಗೊರ್ ಮಗಳ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ಒಂದು ಜೊತೆ ಬೂಟು, ಒಂದು ಕೆಂಪು ಶಾಲು, ಅಷ್ಟನ್ನು ಎದೆಗೆ ಅವಚಿಕೊಂಡು ಆಕೆ ಕಾರಿನ ಸುತ್ತ ಬರುತ್ತಿದ್ದಳು. ಒಂದೊಂದೇ ಗಾಲಿಯ ಡಿಸ್ಕಿನ ನಡುವೆ ಬೆರಳಿಟ್ಟು ಮುಟ್ಟಿದಳು. ಮೂರನ್ನೂ ಮುಟ್ಟಿ, ಕಂಬಳಿಯ ಮೇಲಿನ ನಾಲ್ಕನೆಯದರ ಬಳಿ ಬಂದು, ಹಾಗೇ ಕುಸಿದಳು.

"ಇಲ್ಲಿ ನನ್ನ ಬೆರಳಿಲ್ಲ. ಖಾಂದಾ, ಇಲ್ಲಿ ನನ್ನ ಬೆರಳಿಲ್ಲ!"

ಖಾಂದಾ ಓಡಿಹೋಗಿ ಹಿಡಿದುಕೊಂಡಳು. "ಏನು ದೊಲ್ಗೊರಕ್ಕ? ಏನಿಲ್ಲ?"

"ಕೆನೆ! ಹೊರಡೋ ಹೊತ್ತಿಗೆ, ದಾರೀಲಿ ಕೆಡುಕಾಗದಿರಲಿ ಅಂತ, ನಾಲ್ಕು ಗಾಲಿಗೂ ಕೆನೆ ಹಚ್ಚಿ, ಹಿಂದಿನಿಂದ ಹಾಲು ಎರಚಿ ಕಳಿಸ್ತೀನಿ. ಉಂಗುರದ ಬೆರಳಲ್ಲಿ ಮೂರು ಗೀಟು. ಅವತ್ತು ಒಲೆ ಮೇಲೆ ಹಾಲು ಉಕ್ಕಿತು ಅಂತ ನಡುವೆ ಗುಡಾರಕ್ಕೆ ಓಡಿದ್ದೆ. ಇದೊಂದನ್ನ ಮರೆತುಬಿಟ್ಟಿದೀನಿ ನೋಡು. ಇದೊಂದನ್ನೇ! ನನ್ನ ಕೈಯಾರೆ ಕೊಂದ್ಕೊಂಡೆ ಮಗೂನ!"

ಉಳಿದ ಮೂರು ಗಾಲಿಗಳ ಮೇಲೂ ಆ ಗುರುತಿತ್ತು. ಕೆನೆಯ ಜಿಡ್ಡಿಗೆ ದಾರಿಯ ಧೂಳು ಅಂಟಿ ಮೂರು ಕಪ್ಪು ಗೀಟುಗಳಾಗಿದ್ದವು. ನಾಲ್ಕು ದಿನದಿಂದ ಖಾಂದಾ ಅವನ್ನು ನೋಡಿದ್ದಳು, ಎಣ್ಣೆಯ ಕೊಳೆ ಎಂದು ದಾಟಿ ಹೋಗಿದ್ದಳು. ತನ್ನ ತಾಯಿಯೂ ಹೀಗೇ ಹಚ್ಚುತ್ತಿದ್ದಳು. ನೆನಪಾಗಬೇಕಿತ್ತು.

ಗೊಂಗೊರ್ ಮೊಣಕಾಲೂರಿ ಆಕೆಯ ಎದುರು ಕೂತ.

"ಅಕ್ಕ, ಇಲ್ಲಿ ನೋಡಿ. ನೀವು ಮರೆತಿಲ್ಲ. ನಾನು ಆ ಗಾಲಿ ಬಿಚ್ಚಿದಾಗ ನಿಮ್ಮ ಮೂರು ಗೀಟೂ ಇದ್ದವು. ಸುತ್ತ ಎಲ್ಲ ಒರೆಸಿದೆ, ಅಲ್ಲಿ ಮಾತ್ರ ಬಟ್ಟೆ ತಾಕಿಸಲಿಲ್ಲ. ತಾಯಿ ಹಚ್ಚಿದ್ದು ಅಂತ ಗೊತ್ತಿತ್ತು."

"ನಿಜ ಹೇಳಿ."

"ಆಕಾಶದಾಣೆ."

ದೊಲ್ಗೊರ್ ಅವನ ಕೊಳಕು ತೋಳಿಗೆ ಹಣೆ ಒತ್ತಿ ಅತ್ತಳು. ಮಗಳನ್ನು ಕೊಂದವನೆಂದು ಊರೆಲ್ಲ ಬೈಯುತ್ತಿದ್ದ ಮನುಷ್ಯನ ತೋಳದು. ಖಾಂದಾ ಮುಖ ತಿರುಗಿಸಿಕೊಂಡಳು. ಅಧಿಕಾರಿ ಅಳುವುದನ್ನು ಜನ ನೋಡಬಾರದು ಎಂದು ಎಲ್ಲೋ ಬರೆದಿದೆಯಂತೆ, ಬರೆದವನಿಗೆ ಒಳ್ಳೆಯದಾಗಲಿ.

"ಏನದು ಸಂತೆ?"

ಠಾಣೆಯ ಮುಖ್ಯಸ್ಥ ಸೋದ್ನೋಮ್ ಮೆಟ್ಟಿಲ ಮೇಲೆ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಚಹಾದ ಬಟ್ಟಲು.

"ಸಾಹೇಬ್ರೆ, ಇದು ತುಂಗಾಳ ಗಾಲಿ ಅಲ್ಲ. ಗೊಂಗೊರಣ್ಣನ ಅಂಗಡಿ ಬಿಟ್ಟಮೇಲೆ ದಾರೀಲಿ ಯಾರೋ ಬದಲಾಯಿಸಿದಾರೆ."

"ಸಾಕ್ಷಿ?"

"ತಾಯಿ ಹಚ್ಚಿದ ಕೆನೆ ಇಲ್ಲ. ಮುಚ್ಚಳದಲ್ಲಿ ಉಣ್ಣೆ ಇಲ್ಲ. ಒಳಗಡೆ ಅವರ ಪ್ಯಾಚ್ ಇಲ್ಲ."

"ಕೆನೆ, ಉಣ್ಣೆ!" ಸೋದ್ನೋಮ್ ನಕ್ಕ. "ಪ್ರಾಂತ್ಯದ ಸರ್ಕಾರಿ ವಕೀಲರ ಮುಂದೆ ಹೋಗಿ ಇದನ್ನೇ ಹೇಳು ತಾಯಿ, ಜೊತೆಗೆ ಒಂದು ಉಂಡೆ ಬೆಣ್ಣೇನೂ ಒಯ್ಯಿ. ಮುದುಕ ಒಪ್ಪಿಕೊಂಡು ಸಹಿ ಹಾಕಿದಾನೆ. ನಾಳೆ ಬೆಳಗ್ಗೆ ಹತ್ತಕ್ಕೆ ವರದಿ ನನ್ನ ಕೈಲಿರಬೇಕು. ನಾನೇ ಒಯ್ತೀನಿ. ಅವನನ್ನೂ ಕರ್ಕೊಂಡು ಹೋಗ್ತೀನಿ."

"ಆ ಗಾಲಿ ಸಿಕ್ಕಿದ್ರೆ?"

"ಸಿಕ್ಕಿದ್ರೆ ನೋಡೋಣ."

ಗೊಂಗೊರ್ ತಲೆ ಎತ್ತಲಿಲ್ಲ. ಜೈಲಿಗೆ ಹೋದರೆ ಅರವತ್ತಮೂರು ವರ್ಷದ ಈ ಮನುಷ್ಯ ಮತ್ತೆ ಬರುವುದಿಲ್ಲ ಎಂದು ಖಾಂದಾಳಿಗೆ ಖಾತ್ರಿಯಿತ್ತು. ಬರಬೇಕೆಂಬ ಆಸೆಯೂ ಅವನಿಗೆ ಉಳಿದಿರಲಿಲ್ಲ.

* * *

ಮಧ್ಯಾಹ್ನಕ್ಕೆ ಅವಳು ಹಳೆಯ ಮಣ್ಣಿನ ದಾರಿಯಲ್ಲಿದ್ದಳು. ಒಂದು ಲೆಕ್ಕ ನಾಲ್ಕು ದಿನದಿಂದ ಅವಳನ್ನು ಕೊರೆಯುತ್ತಿತ್ತು. ತುಂಗಾ ಗೊಂಗೊರನ ಅಂಗಡಿ ಬಿಟ್ಟದ್ದು ಮಧ್ಯಾಹ್ನ ಒಂದಕ್ಕೆ. ಕಾರು ಉರುಳಿದ್ದು ಸಂಜೆ ಆರೂವರೆಗೆ. ನಡುವಿನ ದೂರ ನಲವತ್ತೇಳು ಕಿಲೋಮೀಟರ್. ಇಷ್ಟಕ್ಕೆ ಒಂದು ಗಂಟೆ ಸಾಕು.

ಇಪ್ಪತ್ತೈದನೆಯ ಕಿಲೋಮೀಟರಿನ ತಗ್ಗಿನಲ್ಲಿ ಉತ್ತರ ಸಿಕ್ಕಿತು. ಅಲ್ಲಿ ಫೋನು ಹಿಡಿಯುವುದಿಲ್ಲ. ಟಾರು ರಸ್ತೆ ಬಂದ ಮೇಲೆ ಇಷ್ಟು ದೂರ ದಿನಕ್ಕೆ ಎರಡು ಗಾಡಿ ಹೋದರೆ ಹೆಚ್ಚು. ಗಟ್ಟಿ ಮಣ್ಣಿನಲ್ಲಿ ಜಾಕಿ ಊರಿದ ಎರಡು ಗುಂಡಿಗಳು ಎದುರುಬದುರಾಗಿ ಇದ್ದವು. ಅವತ್ತು ಇಲ್ಲಿ ಎರಡು ಕಾರುಗಳು ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಒಂದು ಉತ್ತರಕ್ಕೆ ಹೋಗುತ್ತಿದ್ದದ್ದು, ಇನ್ನೊಂದು ಊರ ಕಡೆ ಬರುತ್ತಿದ್ದದ್ದು.

ಕೆಟ್ಟು ನಿಂತ ಗಾಡಿಯನ್ನು ಕಂಡು ನಿಲ್ಲಿಸದೆ ಹೋಗುವವರು ಈ ಸೀಮೆಯಲ್ಲಿ ಹುಟ್ಟುವುದಿಲ್ಲ. ತುಂಗಾ ನಿಲ್ಲಿಸಿದ್ದಾಳೆ, ತನ್ನ ಒಳ್ಳೆಯ ಗಾಲಿಯನ್ನು ಬಿಚ್ಚಿ ಕೊಟ್ಟಿದ್ದಾಳೆ, ಅವರ ಕೆಟ್ಟ ಗಾಲಿಯನ್ನು ತಾನು ಹಾಕಿಕೊಂಡಿದ್ದಾಳೆ. ಖಾಂದಾಳಿಗೆ ಅದು ಕಣ್ಣೆದುರು ನಡೆದಂತೆ ಕಂಡಿತು.

ಆದರೆ ಉಳಿದ ನಾಲ್ಕು ಗಂಟೆ ಹೊತ್ತು?

ಸ್ವಲ್ಪ ಆಚೆ ಒಂದು ಬಂಡೆಯ ಮರೆಯಲ್ಲಿ ಸಗಣಿ ಬೆರಣಿ ಉರಿದ ಬೂದಿ ಇತ್ತು. ಒಂದು ಸಲ ಹಚ್ಚಿ ಆರಿಸಿದ ಬೂದಿಯಲ್ಲ, ಮತ್ತೆ ಮತ್ತೆ ಬೆರಣಿ ಆಯ್ದು ತಂದು ಒಟ್ಟಿದ್ದು. ಪಕ್ಕದ ಕಲ್ಲಿನ ಕೆಳಗೆ, ಗಾಳಿಗೆ ಹಾರದಂತೆ ಅಚ್ಚುಕಟ್ಟಾಗಿ ಮಡಚಿಟ್ಟ ಕಾಗದದ ಪೊಟ್ಟಣ. ಬಿಡಿಸಿದರೆ ಸೂರ್ಯಕಾಂತಿ ಬೀಜದ ಸಿಪ್ಪೆ, ತುಂಬ.

ಹುಡುಗಿ ಇಲ್ಲಿ ಬೆಂಕಿ ಕಾಯಿಸುತ್ತ, ಬೀಜ ಸುಲಿಯುತ್ತ ಕೂತಿದ್ದಳು. ಯಾರೋ ಬರುತ್ತೇನೆ ಎಂದು ಹೇಳಿ ಹೋಗಿದ್ದರು, ಅವರು ಬರಲಿಲ್ಲ. ಬೆಳಕು ಹೋಗುತ್ತಿದ್ದಂತೆ, ಪೆಟ್ಟಿಗೆಯ ಐಸು ಕರಗುತ್ತಿದ್ದಂತೆ, ಇನ್ನು ಕಾದು ಪ್ರಯೋಜನವಿಲ್ಲವೆಂದು ಮೆಲ್ಲಗೆ ಹೊರಟಿದ್ದಳು. ಸಿಪ್ಪೆಯನ್ನೂ ನೆಲಕ್ಕೆ ಎಸೆಯದೆ ಮಡಚಿಟ್ಟು ಹೋಗಿದ್ದಳು.

ಖಾಂದಾ ಆ ಪೊಟ್ಟಣ ಹಿಡಿದುಕೊಂಡು ಬಂಡೆಯ ಮೇಲೆ ಕೂತು ಅತ್ತಳು. ಇಲ್ಲಿ ನೋಡುವವರು ಯಾರೂ ಇರಲಿಲ್ಲ.

ಗಾಲಿ ಬದಲಾಯಿಸಬೇಕಾದರೆ ಎರಡೂ ಕಾರು ಒಂದೇ ಜಾತಿಯದಾಗಿರಬೇಕು. ಅದೇ ಹಳೆಯ ಜಪಾನಿ ಕಾರು, ಅದೇ ಐದು ಬೋಲ್ಟು. ಊರಿಗೆ ಹಿಂತಿರುಗಿ ಪಟ್ಟಿ ಮಾಡಿ ಮನೆಮನೆ ಅಲೆದಳು. ಎಂಟು ಕಾರು. ಎಂಟರ ಮುಂದೆಯೂ ಬಗ್ಗಿ ನೋಡಿದಳು. "ಗಾಲಿ ಪೂಜೆ ಮಾಡ್ತಿದೀರಾ ಮೇಡಂ?" ಎಂದು ಅಂಚೆಯವನು ಕೀಟಲೆ ಮಾಡಿದ. ಯಾವುದರ ಮೇಲೂ ಆ ಮೂರು ಗೀಟು ಇರಲಿಲ್ಲ.

ಮೂರು ಗಂಟೆಗೆ, ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಗಿ ಮನೆಗೆ ಬಂದಳು. ಬೇಲಿಯ ಬಾಗಿಲಿಗೆ ಕೈ ಹಾಕಿದಾಗ ಹೊಳೆಯಿತು. ಊರಿನಲ್ಲಿ ಅಂಥ ಕಾರು ಎಂಟಲ್ಲ. ಒಂಬತ್ತು.

ಒಂಬತ್ತನೆಯದು ಅವಳ ಅಂಗಳದಲ್ಲೇ ನಿಂತಿತ್ತು.

* * *

ಗಂಡ ಜಾಮ್ಯಾನ್ ಆ ಕಾರಿನಲ್ಲಿ ಊರಿಗೂ ರಾಜಧಾನಿ ಉಲಾನ್‌ಬಾತರಿಗೂ ಜನರನ್ನು ಸಾಗಿಸುತ್ತಿದ್ದ. ಶುಕ್ರವಾರದಿಂದ ಅದನ್ನು ಹೊರಗೆ ತೆಗೆದಿರಲಿಲ್ಲ. ಗೇರು ಸರಿಯಿಲ್ಲ ಅಂದಿದ್ದ. ಮುಂಭಾಗಕ್ಕೆಲ್ಲ ದಪ್ಪ ಉಣ್ಣೆಯ ಹೊದಿಕೆ ಹಾಕಿ, ಗಾಳಿಗೆ ಹಾರದಂತೆ ಕೆಳಗೆ ಕಲ್ಲು ಇಟ್ಟಿದ್ದ. ಚಳಿಗೆ ಎಂಜಿನ್ ಮುಚ್ಚುವುದು ವಾಡಿಕೆ, ಅವಳು ಯೋಚಿಸಿಯೂ ಇರಲಿಲ್ಲ. ಆದರೆ ಹೊದಿಕೆ ಇವತ್ತು ಗಾಲಿಯ ತನಕ ಇಳಿದಿರುವುದು ಕಣ್ಣಿಗೆ ಬಿತ್ತು.

ಒಂದು ಕ್ಷಣ, ಹೀಗೇ ಒಳಗೆ ಹೋಗಿ ಚಹಾ ಕುಡಿದು ಮಲಗಿಬಿಡೋಣ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

ಕಲ್ಲು ಸರಿಸಿ ಹೊದಿಕೆ ಎತ್ತಿದಳು.

ಮುಂದಿನ ಬಲಗಾಲಿಯ ನಡುವೆ ಮೂರು ಕಪ್ಪು ಗೀಟು.

ವಾಲ್ವ್ ಮುಚ್ಚಳ ಎರಡು ಸಲ ಜಾರಿತು. ಮೂರನೆಯ ಸಲ ಬಿಚ್ಚಿತು. ಒಳಗಿನಿಂದ ಕಂದು ಬಣ್ಣದ ಒಂಟೆ ಉಣ್ಣೆಯ ಎಳೆ ಸುರುಳಿ ಬಿಚ್ಚಿಕೊಂಡು ಅವಳ ಬೆರಳಿಗೆ ಅಂಟಿತು.

"ಚಹಾ ಆರಿಹೋಗುತ್ತೆ, ಬಾ," ಎಂದು ಕರೆಯುತ್ತ ಜಾಮ್ಯಾನ್ ಬಾಗಿಲಿಗೆ ಬಂದ. ಅವಳ ಕೈ ನೋಡಿದ. ಬಾಗಿಲ ಚೌಕಟ್ಟು ಹಿಡಿದು ನಿಂತ.

"ಇದು ಯಾರ ಗಾಲಿ?"

"ಒಳಗೆ ಬಾ, ಖಾಂದಾ. ಅಕ್ಕಪಕ್ಕದವರು ಕೇಳಿಸ್ಕೊಳ್ತಾರೆ."

"ಯಾರ ಗಾಲಿ ಅಂತ ಕೇಳ್ದೆ."

ಅವನು ಮೆಟ್ಟಿಲ ಮೇಲೆ ಕೂತ. ನಾಲ್ಕು ದಿನದಲ್ಲಿ ಅವನು ಎಷ್ಟು ಇಳಿದುಹೋಗಿದ್ದಾನೆ ಎಂದು ಅವಳಿಗೆ ಈಗ ಕಂಡಿತು. ಊಟ ಬೇಡ ಅಂದಾಗ ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡಿದ್ದಳು.

"ಆ ಹುಡುಗಿದು."

"ಪಕ್ಕೆಗೆ ಬತ್ತಿ ತುರುಕಿದ್ದು?"

"ನಾನೇ. ಮಂಗಳವಾರ ಕಲ್ಲಿಗೆ ಹರೀತು. ಹೊಸ ಟೈರು ಹಾಕ್ಸೋಣ, ಈ ಟ್ರಿಪ್ ಒಂದು ಮುಗೀಲಿ ಅಂತ..." ಅವನು ಕೈಯಿಂದ ಮುಖ ಒರೆಸಿಕೊಂಡ. "ಹತ್ತು ಕಿಲೋಮೀಟರಿಗೊಂದು ಸಲ ಇಳಿದು ಗಾಳಿ ಹೊಡ್ಕೊಂಡು ಬರ್ತಿದ್ದೆ. ಅಷ್ಟರಲ್ಲಿ ಅವಳು ಬಂದು ನಿಲ್ಸಿದ್ಲು."

"ನೀನು ಕೇಳಿದ್ಯಾ?"

"ನಾನು ಕೇಳ್ಲಿಲ್ಲ! ಅವಳೇ ಅಂದ್ಲು. 'ಇದು ಈಗಷ್ಟೇ ಗೊಂಗೊರಣ್ಣ ಕೂರಿಸಿಕೊಟ್ಟ ಗಾಲಿ, ಬಂಡೆ ಥರ ಇದೆ, ನೀವು ಹಾಕ್ಕೊಂಡು ಹೊರಡಿ. ಈ ಪಕ್ಕೆ ಬತ್ತಿ ಮೇಲೆ ನಾನಂತೂ ಓಡ್ಸಲ್ಲ. ಸುಮ್ನೆ ಕಾರು ನಿಲ್ಲೋಕೆ ಹಾಕ್ಕೊಂಡು ಇಲ್ಲೇ ಕೂತಿರ್ತೀನಿ. ಹೋಗ್ತಾ ಅಂಗಡೀಲಿ ಹೇಳಿ, ಅಣ್ಣ ಒಂದು ಗಾಲಿ ತಗೊಂಡು ಬರ್ತಾರೆ' ಅಂತ."

"ಹೇಳಿದ್ಯಾ?"

ಜಾಮ್ಯಾನ್ ಮೆಟ್ಟಿಲ ಮೇಲಿನ ಮರಳನ್ನು ಅಂಗೈಯಿಂದ ಒರೆಸಿದ.

"ಜಾಮ್ಯಾನ್, ಗೊಂಗೊರಣ್ಣನಿಗೆ ಹೇಳಿದ್ಯಾ?"

"ಅಂಗಡಿ ಮುಂದೇನೇ ಬಂದೆ. ಅವನು ಹೊರಗೇ ಕೂತಿದ್ದ. ಕೈ ಎತ್ತಿದ." ಜಾಮ್ಯಾನ್ ಕಾರಿನ ಕಡೆ ನೋಡಿದ. "ನಾನು ನಿಲ್ಲಿಸಲಿಲ್ಲ."

ಖಾಂದಾ ಕಾರಿಗೆ ಒರಗಿದಳು. ಪೊಟ್ಟಣದ ಸಿಪ್ಪೆ, ಮತ್ತೆ ಮತ್ತೆ ಒಟ್ಟಿದ ಬೆರಣಿ. ಹುಡುಗಿ ಪ್ರತಿ ಐದು ನಿಮಿಷಕ್ಕೊಮ್ಮೆ ಎದ್ದು ದಾರಿ ನೋಡಿರಬೇಕು.

"ನಾಲ್ಕು ಗಂಟೆ ಹೊತ್ತು ಕೂತಿದ್ಲು ಕಣೋ. ನೀನು ಕಳಿಸ್ತೀಯ ಅಂತ. ಎರಡು ನಿಮಿಷದ ಕೆಲಸ. ಕಿಟಕಿ ಇಳಿಸಿ ಒಂದು ಮಾತು ಕೂಗಿದ್ರೆ ಸಾಕಿತ್ತು!"

"ಗೊತ್ತು."

"ನಿನ್ನೆ ಅವಳನ್ನ ಮಣ್ಣಿಗೆ ಇಟ್ಟಾಗ ಹೆಗಲು ಕೊಟ್ಟೆ. ಆ ತಾಯಿಗೆ ನೀರು ಕುಡಿಸಿದೆ. ಮೂರು ರಾತ್ರಿ ನನ್ನ ಪಕ್ಕ ಮಲಗಿದ್ದೆ. ಗೊಂಗೊರಣ್ಣ ಸಹಿ ಹಾಕಿದ ಅಂತ ನಾನು ನಿನ್ನ ಹತ್ರಾನೇ ಹೇಳ್ಕೊಂಡು ಅತ್ತೆ. ಆಗ್ಲೂ ಬಾಯಿ ಬಿಡ್ಲಿಲ್ಲ ನೀನು."

"ಬಿಡೋಕಾಗ್ಲಿಲ್ಲ."

"ಯಾಕೆ ನಿಲ್ಲಿಸಲಿಲ್ಲ? ಅದನ್ನಾದ್ರೂ ಹೇಳು."

"ಕಾರಲ್ಲಿ ಬಸುರಿ ಇದ್ಲು." ಅವನು ನೆಲ ನೋಡುತ್ತಲೇ ಹೇಳಿದ. "ಹೆರಿಗೆ ನೋವು ಶುರುವಾಗಿತ್ತು. ಹಿಂದಿನ ಸೀಟಲ್ಲಿ ತಲೆತನಕ ಹೊದ್ಕೊಂಡು ಮಲಗಿದ್ಲು. ಅದಕ್ಕೇ ತುಂಗಾ ಗಾಲಿ ಕೊಟ್ಟದ್ದು. 'ನಾನು ನೋಡ್ಲಾ? ಕುರಿ ಹಸುಗಳ ಡಾಕ್ಟರೇ, ಆದ್ರೂ ಮರಿ ಹೊರಗೆ ಬರೋ ದಾರಿ ಒಂದೇ' ಅಂತ ನಕ್ಕಳು. ನಾನು ಬೇಡ ಅಂದೆ, ನಾಚಿಕೆ ಅವಳಿಗೆ ಅಂತ. ಆಸ್ಪತ್ರೆಗೆ ಹೋಗೋ ಗಾಬರೀಲಿ ನಿಲ್ಲಿಸಲಿಲ್ಲ. ಇಷ್ಟೇ, ಖಾಂದಾ. ಇನ್ನೊಂದು ಜೀವ ಉಳಿಸೋಕೆ ಹೋಗಿ ಹೀಗಾಯ್ತು."

ಖಾಂದಾಳ ಎದೆ ಒಂದಿಷ್ಟು ಕರಗಿತು. ಅವನು ಕೆಟ್ಟವನಲ್ಲ. ಹದಿನೆಂಟು ವರ್ಷ ನೋಡಿದ್ದಾಳೆ. ಗಾಬರಿ, ಅಂಜುಬುರುಕುತನ, ಆಮೇಲೆ ನಾಚಿಕೆ. ಇಷ್ಟು ಮಾತ್ರವಾದರೆ ಅವನ ಕೈ ಹಿಡಿದು ಠಾಣೆಗೆ ಕರೆದೊಯ್ಯಬಹುದು. ಗೊಂಗೊರ್ ಉಳಿಯುತ್ತಾನೆ. ಇವನಿಗೂ ದೊಡ್ಡ ಶಿಕ್ಷೆಯಾಗಲಿಕ್ಕಿಲ್ಲ.

ಆಗ ಅವಳಿಗೆ ಆಸ್ಪತ್ರೆಯ ಉದ್ದನೆಯ ಪಡಸಾಲೆ ನೆನಪಾಯಿತು.

ಗುರುವಾರ ತುಂಗಾಳ ದೇಹ ತಂದ ಮೇಲೆ ಬೆಳಗಿನ ತನಕ ಅವಳು ಅದೇ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಎದುರಿನ ಬಾಗಿಲನ್ನೇ ನೋಡುತ್ತ ಕೂತಿದ್ದಳು.

"ಯಾವ ಆಸ್ಪತ್ರೆಗೆ ಬಿಟ್ಟೆ?"

"ನಮ್ಮದಕ್ಕೇ. ಇನ್ನೆಲ್ಲಿದೆ?"

"ಹೆರಿಗೆ ಆಯ್ತಾ?"

"ಆಯ್ತಂತೆ. ಗಂಡು ಮಗು."

"ನಮ್ಮ ಆಸ್ಪತ್ರೆಯ ಸೂಲಗಿತ್ತಿ ತರಬೇತಿಗೆ ಅಂತ ನಗರಕ್ಕೆ ಹೋಗಿ ಹತ್ತು ದಿನ ಆಯ್ತು, ಜಾಮ್ಯಾನ್. ಹೆರಿಗೆ ಕೋಣೆಗೆ ಬೀಗ ಹಾಕಿದಾರೆ. ಗುರುವಾರ ರಾತ್ರಿ ಪೂರ್ತಿ ನಾನು ಆ ಬೀಗ ನೋಡ್ಕೊಂಡೇ ಕೂತಿದ್ದೆ."

ಅವನು ತಲೆ ಎತ್ತಿದ. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಮನೆಯ ಮೆಟ್ಟಿಲ ಮೇಲೆ ಅದನ್ನು ನೋಡಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಬಸುರಿ ಇರಲಿಲ್ಲ. ಮಗು ಇರಲಿಲ್ಲ. ಇಲ್ಲದ ಒಂದು ಮಗುವಿಗಾಗಿ ಆ ಹುಡುಗಿ ತಾಯಿ ಕೆನೆ ಹಚ್ಚಿದ ಗಾಲಿಯನ್ನು ತನ್ನ ಕೈಯಾರೆ ಬಿಚ್ಚಿ ಕೊಟ್ಟಿದ್ದಳು. ಖಾಂದಾಳಿಗೆ ಸಿಟ್ಟು ಬರಲಿಲ್ಲ. ಕಣ್ಣು ಮಾತ್ರ ತುಂಬಿ ಎದುರಿನ ಮನುಷ್ಯ ಮಸುಕಾದ.

"ಹಿಂದಿನ ಸೀಟಲ್ಲಿ ಹೊದ್ಕೊಂಡು ಮಲಗಿದ್ದೋರು ಯಾರು?"

"ಬೇಡ, ಖಾಂದಾ."

"ಅವರು ಗೊಂಗೊರಣ್ಣನ ಕಣ್ಣಿಗೆ ಬೀಳಬಾರದು ಅಂತ ತಾನೇ ನಿಲ್ಲಿಸಲಿಲ್ಲ? ಟಾರು ರಸ್ತೆ ಬಿಟ್ಟು ಹಳೇ ದಾರೀಲಿ ಬಂದದ್ದೂ ಯಾರೂ ನೋಡಬಾರದು ಅಂತ ತಾನೇ? ನಿಲ್ಲಿಸಬೇಡ ಅಂದದ್ದು ಯಾರು?"

"ಹೇಳಿದ್ರೆ ನೀನು ಸುಮ್ನಿರಲ್ಲ. ಸುಮ್ನಿರದಿದ್ರೆ ನಿನ್ನನ್ನ ಉಳಿಸಲ್ಲ ಅವರು."

"ನಾಳೆ ಹತ್ತಕ್ಕೆ ಗೊಂಗೊರಣ್ಣನನ್ನ ಕರ್ಕೊಂಡು ಹೋಗ್ತಾರೆ. ನಿನ್ನ ಬದಲಿಗೆ. ಒಳಗೆ ಸಾಯ್ತಾನೆ ಅವನು. ಹೆಸರು ಹೇಳು!"

ಜಾಮ್ಯಾನ್ ಬೇಲಿಯ ಕಡೆ ಒಮ್ಮೆ ನೋಡಿದ. ಆಮೇಲೆ ಬಹಳ ಮೆಲ್ಲಗೆ, ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ ಕೇಳಿದ.

"ನಾಳೆ ಆ ವರದೀನ ಯಾರ ಕೈಗೆ ಕೊಡ್ತೀಯ?"

"ಇದೇನು ಪ್ರಶ್ನೆ? ಸೋದ್ನೋಮ್ ಸಾಹೇಬ್ರ ಕೈಗೆ," ಅಂದಳು ಖಾಂದಾ.

ಅಂದ ಮೇಲೆ ಅವಳಿಗೆ ತಿಳಿಯಿತು, ಹೊದ್ದು ಮಲಗಿದ್ದವನ ಹೆಸರು ತನ್ನ ಬಾಯಿಂದಲೇ ಬಂದಿತ್ತು. ಜಾಮ್ಯಾನ್ ಎದ್ದು ಬಂದು ಗಾಲಿಯ ಮೇಲೆ ಮತ್ತೆ ಹೊದಿಕೆ ಎಳೆಯತೊಡಗಿದ. ಅಷ್ಟರಲ್ಲಿ ಬೇಲಿಯ ಆಚೆ ಠಾಣೆಯ ಜೀಪು ಬಂದು ನಿಂತಿತು.